ಒಳಗೋಡೆಯ ತೂತು

ನಾನು ಕಾನ್ವೆಂಟಿನಲ್ಲಿ ಓದಿದವಳು. ದೆವ್ವ ಗಿವ್ವ ಅಂದವರ ಅಂಗೈಗೆ ನಮ್ಮ ಸಿಸ್ಟರ್‌ಗಳು ಸ್ಕೇಲಿನಿಂದ ಕೊಡುತ್ತಿದ್ದರು. ಹಾಗಾಗಿ ಇದನ್ನು ಕಟ್ಟುಕಥೆ ಅಂದುಕೊಳ್ಳುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ನನಗೀಗ ಎಪ್ಪತ್ತಮೂರು. ಎರಡೂ ಕಣ್ಣಿಗೆ ಕ್ಯಾಟರ್ಯಾಕ್ಟ್ ಆಪರೇಷನ್ ಆಗಿದೆ, ಕಿವಿ ಮಾತ್ರ ಇನ್ನೂ ಫಸ್ಟ್ ಕ್ಲಾಸ್. ನನಗೆ ಕೇಳಿಸಿದ್ದನ್ನೇ ಬರೆಯುತ್ತಿದ್ದೇನೆ, ಒಂದು ಪದವನ್ನೂ ಸೇರಿಸಿಲ್ಲ.

ನಮ್ಮದು ಪುಟ್ಟೇನಹಳ್ಳಿ ಕೆರೆಯ ಪಕ್ಕದ ಅಪಾರ್ಟ್‌ಮೆಂಟು, ಮೂರನೇ ಫ್ಲೋರ್. ನಮ್ಮ ಯಜಮಾನರಿಗೆ ಸ್ಟ್ರೋಕ್ ಆಗಿ ಬಲಭಾಗ ಪೂರ್ತಿ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಏನಾದರೂ ಬೇಕಾದರೆ ಎಡಗೈಯ ಉಂಗುರದಿಂದ ಮಂಚದ ಪಕ್ಕದ ಗೋಡೆಗೆ ಎರಡು ಸಲ ಬಡಿಯುತ್ತಿದ್ದರು. ಟಕ್... ಟಕ್. ನಾನು ಅಡುಗೆಮನೆಯಿಂದಲೇ "ಬಂದೆ ರೀ" ಅನ್ನುತ್ತಿದ್ದೆ. ಇಪ್ಪತ್ತು ತಿಂಗಳು ಹೀಗೇ ನಡೆಯಿತು. ಮಗ್ಗುಲು ಬದಲಿಸಲೂ ಅವರಿಂದ ಆಗುತ್ತಿರಲಿಲ್ಲ, ನಾನೇ ಭುಜಕ್ಕೆ ಕೈಕೊಟ್ಟು ತಿರುಗಿಸಬೇಕಿತ್ತು.

ಒಂದು ಬೆಳಗಿನ ಜಾವ ಹೋಗಿಬಿಟ್ಟರು.

ಶಾಸ್ತ್ರಿಗಳು ಪಂಚಾಂಗ ನೋಡಿ ಮುಖ ಸಣ್ಣದು ಮಾಡಿಕೊಂಡರು. ಧನಿಷ್ಠಾ ನಕ್ಷತ್ರ. ಆ ಗಳಿಗೆಯಲ್ಲಿ ಪ್ರಾಣ ಹೋದರೆ ನಮ್ಮಲ್ಲಿ ಆರು ತಿಂಗಳು ಮನೆ ಬಿಡುವ ಪದ್ಧತಿ. ಹಿಂದೆಲ್ಲ ಹೆಣವನ್ನೂ ಬಾಗಿಲಿಂದ ತರದೆ ಗೋಡೆ ಒಡೆದು ಹೊರಗೆ ತರುತ್ತಿದ್ದರಂತೆ. ಮನೆ ಬಿಟ್ಟು ನಾನು ಎಲ್ಲಿಗೆ ಹೋಗಲಿ? ಮಗಳು ವಸುಧಾ ಇರುವುದು ಬಿಟಿಎಂ ಲೇಔಟಿನ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ಅತ್ತೆ ಮಾವನ ಜೊತೆ.

"ಹಾಗಾದ್ರೆ ಅವರ ರೂಮಿನ ಗೋಡೇಲಿ ಒಂದು ದಾರಿ ಮಾಡಿಸಿ ತಾಯಿ, ಶಾಸ್ತ್ರಕ್ಕೆ. ಆರು ತಿಂಗಳು ಮುಚ್ಚಬೇಡಿ," ಅಂದರು ಶಾಸ್ತ್ರಿಗಳು.

ಅಸೋಸಿಯೇಷನ್ ಸೆಕ್ರೆಟರಿ ಒಪ್ಪಲಿಲ್ಲ. "ಹೊರಗೋಡೆ ಎಲಿವೇಶನ್ ಮುಟ್ಟೋ ಹಾಗಿಲ್ಲ ಆಂಟಿ. ಇವತ್ತು ನೀವು ತೂತು ಹೊಡೀತೀರಾ, ನಾಳೆ ಇನ್ನೊಬ್ರು ಕಿಟಕಿ ಇಡ್ತಾರೆ."

ಮೈದುನ ನಾಗರಾಜ ಸುಲಭದ ದಾರಿ ತೋರಿಸಿದ. "ಶಾಸ್ತ್ರಕ್ಕೆ ತಾನೇ ಅತ್ತಿಗೆ? ಯಾವ ಗೋಡೆ ಆದ್ರೇನು? ಈ ಹಾಲ್ ಕಡೆ ಗೋಡೆಗೆ ಹೊಡೆಸಿಬಿಡೋಣ."

ಹಾಗೆ ಅವರ ರೂಮಿಗೂ ಹಾಲಿಗೂ ನಡುವಿನ ನಾಲ್ಕಿಂಚಿನ ಗೋಡೆಗೆ, ಎದೆಮಟ್ಟದಲ್ಲಿ, ನಿಂಬೆಹಣ್ಣು ತೂರುವಷ್ಟು ತೂತು ಬಿತ್ತು. ನಾನು ನೋಡುತ್ತಾ ನಿಂತಿದ್ದೆ. ವೆರಿ ಪ್ರಾಕ್ಟಿಕಲ್ ಅಂತಲೂ ಅಂದುಕೊಂಡೆ. ಆ ದಾರಿ ಹೊರಗೆ ಹೋಗುವುದಿಲ್ಲ, ಮನೆಯೊಳಗೇ ಬರುತ್ತದೆ ಅನ್ನುವುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಐದು ತಿಂಗಳು ಹೇಗೋ ತಳ್ಳಿದೆ. ಹಾಲಿನಲ್ಲಿ ಸೋಫಾ ಮೇಲೆ ಮಲಗುತ್ತಿದ್ದೆ. ಆ ತೂತಿನಿಂದ ಅವರ ಕಾಲಿಗೆ ಹಚ್ಚುತ್ತಿದ್ದ ನೋವಿನೆಣ್ಣೆಯ ವಾಸನೆ ಸಣ್ಣಗೆ ಬರುತ್ತಿತ್ತು. ಮಂಚ ತೊಳೆಸಿದೆ, ಹಾಸಿಗೆ ಕೊಟ್ಟುಬಿಟ್ಟೆ... ಆದರೂ ಬರುತ್ತಿತ್ತು. ಬಂದವರೆಲ್ಲ "ಇದೇನ್ರೀ ತೂತು?" ಅಂತ ಕೇಳುವರು. ಇಷ್ಟು ಓದಿದವಳು ಏನಂತ ಹೇಳಲಿ? ವಸುಧಾ ಅಂತೂ ಬಂದಾಗಲೆಲ್ಲ ಬೈಯುತ್ತಿದ್ದಳು.

"ಅಮ್ಮ, ಇರುವೆ ಸಾಲು ನೋಡು! ನೀನೇ ನಮಗೆ ಸೂಪರ್‌ಸ್ಟಿಷನ್ ಅಂದ್ರೆ ಇಗ್ನೊರೆನ್ಸ್ ಅಂತ ಹೇಳಿಕೊಟ್ಟು, ಈಗ ನೀನೇ ಹಿಂಗೆ."

ಆ ಮಾತು ಚುಚ್ಚಿತು. ಆರು ತಿಂಗಳಿಗೆ ಇನ್ನು ಇಪ್ಪತ್ತೆಂಟೇ ದಿನ ಉಳಿದಿತ್ತು. ಕಾಯಬಹುದಿತ್ತು. ಕಾಯಲಿಲ್ಲ.

ಅಂದು ಸಂಜೆ ಹಾರ್ಡ್‌ವೇರ್ ಅಂಗಡಿಯಿಂದ ಗೋಡೆಗೆ ಮೆತ್ತುವ ಪುಟ್ಟಿ ಪ್ಯಾಕೆಟ್ ತಂದೆ. ಹಳೇ ಬೋಗುಣಿಯಲ್ಲಿ ನೀರು ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿಕೊಂಡೆ. ಮೊದಲು ಹಾಲ್ ಕಡೆಯಿಂದ ತುಂಬಿದೆ. ಆಮೇಲೆ ರೂಮಿಗೆ ಹೋಗಿ ಆ ಕಡೆಯಿಂದಲೂ ಒತ್ತಿ ತುಂಬಿ, ಸ್ಟೀಲ್ ಸ್ಕೇಲಿನಿಂದ ನೀಟಾಗಿ ಎಳೆದೆ. ಟೈಮ್ ಎಂಟೂವರೆ. ಕೆಳಗಡೆ ಮನೆಯಿಂದ ಸಾರಿನ ಒಗ್ಗರಣೆ ವಾಸನೆ, ಯಾರದೋ ಟಿವಿಯ ನಗು. ಭಯಪಡುವಂಥ ಹೊತ್ತೇ ಅಲ್ಲ ಅದು.

ಅಡುಗೆಮನೆಯಲ್ಲಿ ಕೈ ತೊಳೆಯುತ್ತಿದ್ದೆ.

ಟಕ್... ಟಕ್.

"ಬಂದೆ ರೀ," ಅಂದುಬಿಟ್ಟೆ.

ಅಂದ ಮೇಲೆ ನೆನಪಾಯಿತು. ನಲ್ಲಿ ಹಾಗೇ ಹರಿಯುತ್ತಿತ್ತು. ಆ ಉಂಗುರವನ್ನು ಅವರ ಬೆರಳಿನಿಂದ ಸೋಪು ಹಚ್ಚಿ ತೆಗೆದವಳು ನಾನೇ. ಅದು ಬೀರುವಿನಲ್ಲಿತ್ತು, ಬೀಗದ ಕೈ ನನ್ನ ಸೊಂಟದಲ್ಲಿತ್ತು.

ಟಕ್... ಟಕ್.

ರೂಮಿಗೆ ಹೋದೆ. ಲೈಟ್ ಹಾಕಿದೆ. ಬರೀ ಮಂಚ. ಶಬ್ದ ರೂಮಿನಿಂದ ಬರುತ್ತಿರಲಿಲ್ಲ, ಈಗ ಹಾಲ್ ಕಡೆ ಇದ್ದಂತೆ ಕೇಳಿಸಿತು. ಹಾಲಿಗೆ ಬಂದೆ. ಇಲ್ಲಿಂದ ಕೇಳಿದರೆ ರೂಮಿನ ಕಡೆ ಇದ್ದಂತೆ! ಹೀಗೆ ನಾಲ್ಕು ಸಲ ಓಡಾಡಿದ ಮೇಲೆ ತಿಳಿಯಿತು. ಎರಡೂ ಕಡೆ ಅಲ್ಲ. ನಡುವೆ.

ಹಸಿ ಪುಟ್ಟಿಯ ಮೇಲೆ ಅಂಗೈ ಇಟ್ಟೆ. ಅದು ನಿಧಾನಕ್ಕೆ ನನ್ನ ಕೈಯನ್ನು ಹೊರಕ್ಕೆ ತಳ್ಳಿತು... ಮತ್ತೆ ಒಳಗೆ ಹೋಯಿತು. ಮಲಗಿದವರ ಎದೆ ಏರಿಳಿದ ಹಾಗೆ.

ನಾನು ಎರಡೂ ಕಡೆಯಿಂದ ಮುಚ್ಚಿದ್ದೆ. ದೇವರೇ, ಎರಡೂ ಕಡೆಯಿಂದ.

ಸ್ಕ್ರೂಡ್ರೈವರ್ ತಂದು ಕೆದಕಿದೆ. ಉಗುರು ಸಿಗಿದು ರಕ್ತ ಬಂತು. ಐದೇ ನಿಮಿಷದಲ್ಲಿ ತೂತು ಮತ್ತೆ ಬಯಲಾಯಿತು, ಆ ಕಡೆಯ ಲೈಟ್ ಕಂಡಿತು. ಒಳಗೆ ಬೆರಳು ಹಾಕಿ ತಡವಿದೆ. ಏನೂ ಇಲ್ಲ. ಕೈಗೆ ನೋವಿನೆಣ್ಣೆಯ ಜಿಡ್ಡು ಮಾತ್ರ ಹತ್ತಿತು. "ಹೋಗ್ರೀ... ಬಾಗಿಲು, ಕಿಟಕಿ ಎಲ್ಲ ತೆಗೆದಿಡ್ತೀನಿ, ಹೋಗ್ರೀ," ಅಂತ ಪಿಸುಗುಟ್ಟಿದೆ.

ಟಕ್... ಟಕ್.

ತೂತಿನಿಂದಲ್ಲ. ಅದಕ್ಕಿಂತ ಒಂದು ಗೇಣು ಎಡಕ್ಕೆ, ಗಟ್ಟಿ ಗೋಡೆಯ ಒಳಗಿನಿಂದ.

"ಈ ಕಡೆ ರೀ... ದಾರಿ ಈ ಕಡೆ ಇದೆ. ತಿರುಗಿ." ಗೋಡೆಗೆ ಬಾಯಿಟ್ಟು ಎಷ್ಟು ಸಲ ಹೇಳಿದೆನೋ. ಆಮೇಲೆ ಹೊಳೆಯಿತು. ಅವರಿಗೆ ತಾವಾಗಿ ತಿರುಗಲು ಬರುತ್ತಿರಲಿಲ್ಲವಲ್ಲ. ಭುಜಕ್ಕೆ ಕೈಕೊಡೋಣವೆಂದರೆ ನಡುವೆ ಗೋಡೆ.

ಬೆಳಿಗ್ಗೆ ಶಾಸ್ತ್ರಿಗಳಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. "ಒಳಗೋಡೆಗೆ ಹೊಡೆಸಿದ್ರಾ? ಹೊರಗೆ ಹೋಗ್ಲಿ ಅಂತ ತಾನೇ ತಾಯಿ ನಾನು ಹೇಳಿದ್ದು..." ಅಂದರು. ಪರಿಹಾರ ಕೇಳಿದೆ. ನೋಡ್ತೀನಿ ಅಂದರು. ಈವತ್ತಿಗೂ ನೋಡುತ್ತಿದ್ದಾರೆ.

ಗಾರೆ ಕೆಲಸದ ವೆಂಕಟೇಶ್‌ನನ್ನು ಕರೆಸಿದೆ. ಶಬ್ದ ಬಂದ ಜಾಗಕ್ಕೆ ಡ್ರಿಲ್ ಹಾಕಿಸಿದೆ. ಅಂದು ರಾತ್ರಿ ಅದು ಇನ್ನೊಂದು ಗೇಣು ಆಚೆ ಹೋಗಿತ್ತು. ಮಾರನೇ ದಿನ ಅಲ್ಲಿ ಹಾಕಿಸಿದೆ. ಹೊರಗೋಡೆಯ ಕಡೆಗೇ ಹೋಗುತ್ತಿದ್ದರು... ತಾವೇ ದಾರಿ ಹುಡುಕಿಕೊಂಡು. ನನಗೆ ಆಗ ಒಂದು ಚೂರು ಆಸೆ ಹುಟ್ಟಿತ್ತು, ಸುಳ್ಳು ಯಾಕೆ ಹೇಳಲಿ.

"ಏನ್ ಮೇಡಂ, ನಿಧಿ ಹುಡುಕ್ತಿದೀರಾ? ಸಿಕ್ರೆ ನನಗೂ ಸ್ವಲ್ಪ ಕೊಡಿ," ಅಂತ ವೆಂಕಟೇಶ್ ನಗುತ್ತಿದ್ದ. ಮೂರನೇ ದಿನ ಡ್ರಿಲ್ ಇಳಿಸಿ ತಲೆ ಅಲ್ಲಾಡಿಸಿದ. "ಇಲ್ಲಿಂದ ಮುಂದೆ ಪಿಲ್ಲರ್ ಮೇಡಂ. ಮೇಲಿರೋ ಫ್ಲೋರೆಲ್ಲ ಇದರ ಮೇಲೇ ನಿಂತಿರೋದು. ನೀವಲ್ಲ, ಯಾರ್ ಹೇಳಿದ್ರೂ ಮುಟ್ಟಲ್ಲ."

"ಒಂದೇ ಒಂದು ಸಣ್ಣ ತೂತು, ವೆಂಕಟೇಶ್. ಪ್ಲೀಸ್."

ಅವನ ನಗು ನಿಂತಿತು. "ಮೇಡಂ, ಮಗಳನ್ನ ಕರೆಸ್ಕೊಳ್ಳಿ. ಒಬ್ರೇ ಇರಬೇಡಿ."

ಅಂದು ರಾತ್ರಿ ಶಬ್ದ ಪಿಲ್ಲರ್ ಒಳಗಿತ್ತು. ಕಾಂಕ್ರೀಟಿನಲ್ಲಿ ಅದು ಬೇರೆ ಥರ ಕೇಳಿಸುತ್ತದೆ, ತುಂಬಿದ ಕೊಡಕ್ಕೆ ಬಡಿದ ಹಾಗೆ. ಮೊದಲ ದಿನ ನನ್ನ ಎದೆಮಟ್ಟದಲ್ಲಿ. ಆಮೇಲೆ ಮೊಣಕಾಲಿನ ಹತ್ತಿರ. ವಸುಧಾ ಬಂದು ಪಕ್ಕದಲ್ಲೇ ಮಲಗಿದ್ದ ದಿನ ಅದು ನೆಲದ ಅಂಚಿನಲ್ಲಿತ್ತು. ನಾನು ನೆಲಕ್ಕೆ ಕಿವಿ ಹಚ್ಚಿ ಮಲಗಿದ್ದೆ.

"ಕೇಳಿಸ್ತಾ ವಸು?"

"ಏನೂ ಇಲ್ಲಮ್ಮ. ಪೈಪಿನ ಶಬ್ದ. ಮಲಗು." ಆದರೆ ಅವಳು ನನ್ನ ಕೈ ಬಿಡಲಿಲ್ಲ.

ಮಾರನೇ ರಾತ್ರಿ ನಮ್ಮ ಮನೆಯಲ್ಲಿ ನಿಶ್ಶಬ್ದ. ಎರಡು ದಿನ ಬಿಟ್ಟು ಲಿಫ್ಟಿನಲ್ಲಿ ಕೆಳಗಿನ ಫ್ಲೋರಿನ ರೇಖಾ ಸಿಕ್ಕಳು. "ಆಂಟಿ, ರಾತ್ರಿ ಹೊತ್ತು ಏನ್ ಕುಟ್ತೀರಾ? ನಮ್ಮ ಪಾಪು ಎದ್ದು ಕೂತ್ಕೊಳ್ಳುತ್ತೆ. ನಮ್ಮ ಮೂಲೇಲೇ ಕುಟ್ಟಿದ ಹಾಗಿರುತ್ತೆ." ನಾನು ಸಾರಿ ಹೇಳಿದೆ. ಮುಂದಿನ ವಾರ ಮೊದಲನೇ ಫ್ಲೋರಿನವರು ಅಸೋಸಿಯೇಷನ್ ಗ್ರೂಪಿನಲ್ಲಿ ಅದನ್ನೇ ಕೇಳಿದ್ದರು. ಆಮೇಲೆ ವಾಚ್‌ಮನ್ ಬಸಣ್ಣ ಬೇಸ್‌ಮೆಂಟಿನಲ್ಲಿದ್ದ ತನ್ನ ಕುರ್ಚಿಯನ್ನು ಎತ್ತಿ ಗೇಟಿನ ಹತ್ತಿರ ಹಾಕಿಕೊಂಡ. ಯಾಕೆ ಅಂತ ಕೇಳಿದ್ದಕ್ಕೆ "ಅಲ್ಲಿ ಸೊಳ್ಳೆ ಕಾಟ ಅಕ್ಕ" ಅಂದ, ನನ್ನ ಮುಖ ನೋಡಲಿಲ್ಲ.

ಅಂದು ರಾತ್ರಿ ಊಟ ಬಿಟ್ಟು ನಾನೇ ಬೇಸ್‌ಮೆಂಟಿಗೆ ಇಳಿದೆ. ಕಾರುಗಳ ನಡುವೆ ತೂರಿಕೊಂಡು ನಮ್ಮ ಪಿಲ್ಲರ್ ಹುಡುಕಿ ಅದರ ಬುಡದಲ್ಲಿ ಕೂತೆ. ಪೆಟ್ರೋಲು, ತೇವ, ಅದರ ಜೊತೆ ಸಣ್ಣಗೆ ನೋವಿನೆಣ್ಣೆ. ನೆಲದ ಅಡಿಯಿಂದ, ತುಂಬ ಅಡಿಯಿಂದ, ಒಂದೇ ಒಂದು ಸಲ ಟಕ್ ಅಂತು. ಎರಡನೆಯದಕ್ಕೆ ಕಾದೆ. ಬೆಳಗಾಗುವವರೆಗೂ ಕಾದೆ. ಬರಲಿಲ್ಲ.

ಆರು ತಿಂಗಳು ಮುಗಿದ ದಿನ ವಸುಧಾ, ನಾಗರಾಜ ಸೇರಿ ಪುಣ್ಯಾಹ ಮಾಡಿಸಿದರು. ವೆಂಕಟೇಶ್ ಮೂರೂ ತೂತು ಮುಚ್ಚಿ, ಎಮರಿ ಪೇಪರ್ ಹಾಕಿ, ಕ್ರೀಮ್ ಕಲರ್ ಪೇಂಟ್ ಹೊಡೆದ. ಎಲ್ಲಿತ್ತು ಅಂತ ಕೈಯಾಡಿಸಿದರೂ ಗೊತ್ತಾಗುವುದಿಲ್ಲ. ಈಗ ಬಿಲ್ಡಿಂಗಿನಲ್ಲಿ ಎಲ್ಲೂ ಶಬ್ದವಿಲ್ಲ. ಎಲ್ಲರೂ ಒಳ್ಳೆಯದಾಯಿತು ಅನ್ನುತ್ತಾರೆ. ಅವರು ಹೊರಗೆ ಹೋದದ್ದಕ್ಕೆ ನಿಂತಿತೋ, ಇನ್ನೂ ಕೆಳಗೆ ಇಳಿದದ್ದಕ್ಕೋ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಸಾಮಾನು ಕಟ್ಟಿಕೊಳ್ಳುತ್ತಿದ್ದ ವೆಂಕಟೇಶ್‌ನನ್ನು ಒಂದು ಮಾತು ಕೇಳಿದೆ. ಈ ಪಿಲ್ಲರ್‌ಗಳು ಭೂಮಿಯೊಳಗೆ ಎಷ್ಟು ಆಳ ಹೋಗುತ್ತವೆ ಅಂತ.

"ಇದು ಕೆರೆ ಮಣ್ಣಲ್ವಾ ಮೇಡಂ," ಅಂದ. "ಗಟ್ಟಿ ಬಂಡೆ ಸಿಗೋವರೆಗೂ ಇಳಿಸಿರ್ತಾರೆ."