ಅಡಿಯ ನೀರು

ನನ್ನ ಬಾವ ಹೂಳೆತ್ತುವ ಹಡಗಿನ ಚಾಲಕ. ಬಂದರಿನವರೆಲ್ಲ ಅವರನ್ನು ಹೂಳಪ್ಪ ಎಂದೇ ಕರೆಯುತ್ತಿದ್ದರು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಕೆಲಸ, ಹಡಗಿನ ಮೇಲೇ ಊಟ, ನಿದ್ದೆ. ಮನೆಗೆ ವಾರಕ್ಕೊಮ್ಮೆ ಬರುವುದು. ಹಾಗೆ ಬಂದಾಗಲೂ ತುತ್ತು ಕೈಯಲ್ಲಿ ಹಿಡಿದೇ ತೂಕಡಿಸುತ್ತಿದ್ದರು. ಅಕ್ಕನಿಗೆ ಸಾಕುಸಾಕಾಗಿತ್ತು. "ನೀವು ಮದುವೆ ಆಗಿದ್ದು ನನ್ನನ್ನೋ ಕೆಸರನ್ನೋ?" ಎಂದು ನನ್ನೆದುರೇ ಕೇಳುತ್ತಿದ್ದಳು. ಬಾವ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಬಂದರಿನ ಸಾಹೇಬರು ಒಂದು ಮಾತು ಕೊಟ್ಟಿದ್ದರು. ಹಡಗುಗಳು ಒಳಬರುವ ಕಾಲುವೆ ಒಂದು ಮಳೆಗಾಲ ಕಳೆದರೂ ಹೂತುಹೋಗದೆ ಉಳಿದರೆ ಬಾವನಿಗೆ ದಡದ ವರ್ಕ್‌ಶಾಪಿನಲ್ಲಿ ಕೆಲಸ. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವ ಕೆಲಸ. ಬಾವನಿಗೆ ಅವಸರ ಹತ್ತಿದ್ದೇ ಆಗ. ಎತ್ತಿದ ಹೂಳನ್ನು ದೂರದ ಸಮುದ್ರಕ್ಕೆ ಒಯ್ದು ಸುರಿಯಬೇಕಿತ್ತು, ಹೋಗಿಬರುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತಿತ್ತು. ಇಳಿತದ ಹೊತ್ತು ನೋಡಿ ಅಳಿವೆಯ ಬಾಯಲ್ಲೇ ಸುರಿದರಾಯಿತು, ನೊರೆಯೆಲ್ಲ ಕಡಲಿಗೇ ಓಡುತ್ತಿದೆಯಲ್ಲ, ಹೂಳೂ ಓಡುತ್ತದೆ ಎಂದುಕೊಂಡರು. ಸಾಹೇಬರೂ ತಲೆಯಾಡಿಸಿದರು. ದಿನಕ್ಕೊಮ್ಮೆ ತುಂಬುತ್ತಿದ್ದ ಹಡಗು ಎರಡು ಸಲ ತುಂಬತೊಡಗಿತು. ಆದರೆ ಕಾಲುವೆ ಆಳವಾಗಲೊಲ್ಲದು.

ಒಂದು ದಿನ ಹಡಗಿನ ಹೂಳು ತುಂಬುವ ತೊಟ್ಟಿಯ ಒಳಗೋಡೆಯಿಂದ ಹಳೆಯ ಕೆಂಪು ಬಣ್ಣ ಕೆರೆದು, ಚಕ್ಕೆಗಳನ್ನು ಹೂಳಿನ ಜತೆಗೇ ನೀರಿಗೆ ಬಿಟ್ಟರು. ಕೆಲವು ದಿನಗಳ ಮೇಲೆ ಕಾಲುವೆಯಿಂದ ಎತ್ತಿದ ಕೆಸರಿನಲ್ಲಿ ಅದೇ ಕೆಂಪು ಚಕ್ಕೆಗಳು ಕಂಡವು. ಬಾವ ಅವನ್ನು ಅಂಗೈಯಲ್ಲಿ ಉಜ್ಜಿ ನೋಡಿದರು. ಆಮೇಲೆ ಹಗ್ಗದ ತುದಿಗೆ ಭಾರದ ಡಬ್ಬಿಯೊಂದನ್ನು ಕಟ್ಟಿ ತಳದವರೆಗೂ ಇಳಿಬಿಟ್ಟರು. ಮೇಲೆ ನೊರೆ ಸಮುದ್ರದತ್ತ ಹೋಗುತ್ತಿತ್ತು, ಹಗ್ಗ ಹೊಳೆಯತ್ತ ವಾಲಿತು. ಸಿಹಿನೀರು ಮೇಲೆ ಹೊರಗೆ ಹರಿಯುವಾಗಲೇ, ಭಾರವಾದ ಉಪ್ಪುನೀರು ಅಡಿಯಲ್ಲಿ ಒಳಗೆ ನುಗ್ಗಿ ಹೂಳನ್ನು ವಾಪಸು ತರುತ್ತಿತ್ತು.

ಆ ವಾರ ಮನೆಗೆ ಬಂದವರು ತಟ್ಟೆ ಮುಟ್ಟಲಿಲ್ಲ.

"ಇಷ್ಟು ದಿನ ನಾನು ಸುರಿದಿದ್ದನ್ನೇ ನಾನು ಎತ್ತಿದೀನಿ ಕಣಯ್ಯ," ಎಂದರು.

"ಸಾಹೇಬ್ರಿಗೆ ಹೇಳ್ಬೇಡಿ ಬಾವ," ಎಂದೆ. "ಹೇಳಿದ್ರೆ ದಡದ ಕೆಲಸಕ್ಕೆ ನೀವೇ ಕಲ್ಲು ಹಾಕ್ಕೊಂಡ ಹಾಗೆ."

"ಹೇಳ್ಬಿಡ್ರಿ," ಎಂದಳು ಅಕ್ಕ. "ಮುಚ್ಚಿಟ್ರೆ ಸಾಯೋವರೆಗೂ ಅದನ್ನೇ ಎತ್ತಾ ಇರ್ತೀರ."

ಬಾವ ಹೇಳಿದರು. ಚೆನ್ನಾಗಿ ಬೈಸಿಕೊಂಡರು. ಆಮೇಲೆ ವಾರದ ರಜೆಯನ್ನೂ ಬಿಟ್ಟು, ಪ್ರತಿ ತೊಟ್ಟಿ ಹೂಳನ್ನೂ ದೂರದ ಸಮುದ್ರಕ್ಕೇ ಒಯ್ದು ಸುರಿದರು. ಅಕ್ಕನಿಗೆ ತಿಂಗಳುಗಟ್ಟಲೆ ಅವರ ಮುಖ ನೋಡಲೂ ಸಿಗಲಿಲ್ಲ. ಮಳೆಗಾಲ ಕಳೆಯಿತು. ಕಾಲುವೆ ಹೂತುಹೋಗಲಿಲ್ಲ. ಅಕ್ಕ ಸಂಜೆ ಇಬ್ಬರೂ ಕೂರಲೆಂದು ಎರಡು ಕುರ್ಚಿ ತಂದು ಬಾಗಿಲ ಹೊರಗೆ ಹಾಕಿದಳು.

ಬಾವ ಸಾಹೇಬರ ಕೋಣೆಯಿಂದ ನೇರ ಮನೆಗೆ ಬಂದರು. ಬೇರೊಂದು ಬಂದರಿನ ಕಾಲುವೆ ಹೂತುಹೋಗಿದೆಯಂತೆ, ಹಡಗನ್ನು ಅಲ್ಲಿಗೆ ಕಳಿಸುತ್ತಾರಂತೆ, ಜತೆಗೆ ಬಾವನನ್ನೂ.

"'ನಿನ್ನಂಥವನನ್ನ ದಡದಲ್ಲಿ ಕೂರಿಸೋಕಾಗುತ್ತೇನಯ್ಯ' ಅಂದ್ರು," ಎಂದರು. ಒಲ್ಲೆ ಎಂದರೆ ಇದ್ದ ಕೆಲಸವೂ ಇಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಸಾಹೇಬರಿಗೆ ಬಾಯಿಗೆ ಬಂದ ಹಾಗೆ ಬೈದೆ, ಮನೆಯೊಳಗೆ ನಿಂತು ಬೈದರೆ ಯಾರಿಗೆ ಕೇಳಬೇಕು.

"ಆ ಊರಲ್ಲಿ ಬಾಡಿಗೆ ಮನೆ ಸಿಗುತ್ತಾ?" ಎಂದು ಅಕ್ಕ ಕೇಳಿದಳು.

"ಮನೆ ಸಿಗುತ್ತೆ," ಎಂದರು ಬಾವ. "ನಾನು ಸಿಗಲ್ಲ."