ಶಿವಗಂಗಮ್ಮನ ಮನೆಗೂ ಮುಯ್ಯಿ ಬಂತು

ಚನ್ನಗಿರಿಯಲ್ಲಿ ಮಂಡಕ್ಕಿ ಭಟ್ಟಿ ಶಿವಗಂಗಮ್ಮನ ಮನೆ ಯಾವುದು ಅಂದರೆ ಯಾರು ಬೇಕಾದರೂ ಕೈ ಹಿಡಿದು ಕರೆದುಕೊಂಡು ಹೋಗಿ ಬಿಡುತ್ತಿದ್ದರು. ಗಂಡ ವಿರೂಪಾಕ್ಷಪ್ಪ ತೀರಿಕೊಂಡು ತಿಂಗಳು ತುಂಬುವುದರೊಳಗೆ ಭಟ್ಟಿಯ ಒಲೆ ಹೊತ್ತಿಸಿದ ಹೆಂಗಸು ಆಕೆ. "ಅಳ್ತಾ ಕುಂತ್ರೆ ಅಕ್ಕಿ ತಾನಾಗೇ ಅರಳ್ತೈತಾ?" ಅಂದಿದ್ದಳಂತೆ. ಬಾಯಿ ಜೋರು, ಕೈ ಧಾರಾಳ. ಮಕ್ಕಳಿರಲಿಲ್ಲ.

ಆಕೆ ತಪ್ಪಿಸಿದ ಮದುವೆ ಅಂತ ಒಂದಿರಲಿಲ್ಲ ನೋಡ್ರಿ. ಹೊನ್ನಾಳಿ, ನ್ಯಾಮತಿ, ಸಂತೇಬೆನ್ನೂರು, ಕೆರೆಬಿಳಚಿ, ಎಲ್ಲಿಂದ ಪತ್ರಿಕೆ ಬಂದರೂ ಬೆಳಗಿನ ಬಸ್ಸಿಗೆ ಹೊರಟಳು ಅಂತಲೇ ಲೆಕ್ಕ. ಹೋದವಳು ಅಡುಗೆ ಮನೆ ಬಾಗಿಲ ಪಕ್ಕ ಕೂರುವಳು. ಗಂಡ ಇಲ್ಲದವಳು, ಹೆತ್ತವಳೂ ಅಲ್ಲ, ಹಸೆಯ ಹತ್ತಿರ ಸುಳಿದರೆ ನಾಲ್ಕು ಮುಖ ಸಿಂಡರಿಸುತ್ತವೆ ಅಂತ ಗೊತ್ತಿತ್ತು. ಆದರೆ ಮುಯ್ಯಿ ಓದುವಾಗ ಆಕೆಯ ಹೆಸರು ಚಪ್ಪರದ ಕೊನೆಯವರೆಗೂ ಕೇಳಬೇಕು: "ಚನ್ನಗಿರಿ ಶಿವಗಂಗಮ್ಮಾರದು, ಇಪ್ಪತ್ತೊಂದು ರೂಪಾಯಿ, ಒಂದು ಕುಪ್ಪಸದ ಕಣ!" ಆಗ ಮಾತ್ರ ಆಕೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದಳು.

ಮುಯ್ಯಿ ಅಂದರೆ ದಾನವಲ್ಲ. ಇವತ್ತು ನಿಮ್ಮ ಮನೆ ಮದುವೆಗೆ ನಾನು ಹಾಕಿದ್ದನ್ನು ನಾಳೆ ನನ್ನ ಮನೆ ಕಾರ್ಯಕ್ಕೆ ನೀವು ಸ್ವಲ್ಪ ಮೇಲೆ ಸೇರಿಸಿ ಹಾಕಬೇಕು. ಬಾಯಿಬಿಟ್ಟು ಕೇಳುವ ಹಾಗಿಲ್ಲ, ಮರೆಯುವ ಹಾಗೂ ಇಲ್ಲ. ಆದರೆ ಶಿವಗಂಗಮ್ಮನ ಮನೆಯಲ್ಲಿ ಯಾರ ಮದುವೆ ಆಗಬೇಕು? ಮೂವತ್ತು ವರ್ಷ ಹಾಕಿದ್ದು ಹಾಕಿದ್ದೇ, ಒಂದು ಕಣವೂ ತಿರುಗಿ ಬಂದಿರಲಿಲ್ಲ. ಜನ ಹಿಂದಿನಿಂದ ನಗುತ್ತಿದ್ದರು, ಆಕೆಗೆ ಅದೂ ಗೊತ್ತಿತ್ತು.

ಆ ಭಟ್ಟಿಯಲ್ಲಿ ಒಲೆಗೆ ಹೊಟ್ಟು ಹಾಕುತ್ತಿದ್ದವನು ಓಬಣ್ಣ, ಜಗಳೂರು ಕಡೆಯವನು. ಹೆಂಡತಿ ಹೋದ ಮೇಲೆ ಕಿರಿ ಮಗಳು ಕರಿಬಸಮ್ಮನನ್ನು ಕಟ್ಟಿಕೊಂಡು ಬಂದು ಅಲ್ಲೇ ನಿಂತ. ಹುಡುಗಿ ಅಕ್ಕಿ ಚೀಲದ ಮೇಲೆ ಕೂತು ಓದಿ ದೊಡ್ಡವಳಾದಳು. ಶಾಲೆ ತಪ್ಪಿಸಿ ಭಟ್ಟಿಗೆ ಬಂದರೆ ಶಿವಗಂಗಮ್ಮ ಪೊರಕೆ ಹಿಡಿದುಕೊಂಡು ಓಡಿಸುತ್ತಿದ್ದಳು. ನೀರೇ ಕಾಣದ ಜಗಳೂರು ಸೀಮೆಯ ಕೂಸು, ಹತ್ತನೇ ವಯಸ್ಸಿನಲ್ಲಿ ಸೂಳೆಕೆರೆಯ ಏರಿ ಮೇಲೆ ನಿಂತು "ಅಮ್ಮಾರೆ, ಇಷ್ಟು ನೀರು ಯಾರ್ದು?" ಅಂತ ಕೇಳಿತ್ತು. ಆ ಪ್ರಶ್ನೆ ಅವಳನ್ನು ಬಿಡಲೇ ಇಲ್ಲ. ಎಮ್ಮೆಸ್ಸಿ ಮಾಡುವಾಗ ವಾರಕ್ಕೊಮ್ಮೆ ಕೆರೆಯ ನೀರು ತಂದು ಭಟ್ಟಿಯ ಅಟ್ಟದ ಮೇಲೆ ಬಾಟಲಿಗಳಲ್ಲಿ ಸಾಲಾಗಿ ಇಡುತ್ತಿದ್ದಳು. ಗದ್ದೆಗೆ ಹಾಕಿದ ಗೊಬ್ಬರ, ಔಷಧಿ ಕೆರೆಗೆ ಇಳಿದರೆ ಮೀನಿಗೇನಾಗುತ್ತೆ, ಕುಡಿಯುವವರಿಗೇನಾಗುತ್ತೆ ಅಂತ ನೋಡುವ ಓದು. ಆ ಬಾಟಲಿ ಯಾರಾದರೂ ಮುಟ್ಟಿದರೆ ಶಿವಗಂಗಮ್ಮನ ಬಾಯಿಗೆ ಸಿಕ್ಕಿದರು ಅಂತಲೇ.

ಎಂಬತ್ತನಾಲ್ಕನೇ ಇಸವಿ ಬೇಸಿಗೆಯಲ್ಲಿ ಇಂಗ್ಲೆಂಡಿನಿಂದ ಕಾಗದ ಬಂತು. ಕೆರೆಯ ಮೇಲೆ ಕರಿಬಸಮ್ಮ ಬರೆದಿದ್ದನ್ನು ಮೆಚ್ಚಿ ಅಲ್ಲಿನ ಒಂದು ವಿಶ್ವವಿದ್ಯಾಲಯ ಫೆಲೋಶಿಪ್ ಕೊಟ್ಟಿತ್ತು. ಮೂರು ವರ್ಷ ಓದು, ಊಟ, ವಸತಿ ಎಲ್ಲ ಅವರದೇ. ಶಿವಗಂಗಮ್ಮ ಆ ಕಾಗದವನ್ನು ಇಡೀ ಪೇಟೆಗೆ ತೋರಿಸಿಕೊಂಡು ಬಂದಳು. ಒಂದಕ್ಷರ ಓದಲು ಬಾರದವಳು, ತಲೆಕೆಳಗಾಗಿ ಹಿಡಿದಿದ್ದಳು ಅಂತ ಆಮೇಲೆ ಗೊತ್ತಾಯಿತು.

ಆದರೆ ಹೋಗುವ ಖರ್ಚು ನಮ್ಮದೇ. ವಿಮಾನದ ಟಿಕೆಟ್ಟು, ಬೆಚ್ಚನೆ ಬಟ್ಟೆ, ಕೈಖರ್ಚು ಸೇರಿ ಹತ್ತು ಸಾವಿರ. ಭಟ್ಟಿಯ ಗಂಟು, ಓಬಣ್ಣನ ಗಂಟು ಎರಡೂ ಬಿಚ್ಚಿದರೂ ಆರು ಸಾವಿರ ಕಮ್ಮಿ. ಜುಲೈ ಮುಗಿಯುವುದರೊಳಗೆ ಟಿಕೆಟ್ಟು ಆಗದಿದ್ದರೆ ಆ ಜಾಗ ಬೇರೆಯವರಿಗೆ ಹೋಗುತ್ತಿತ್ತು.

ಅಡಿಕೆ ಮಂಡಿಯ ಮಹೇಶ್ವರಪ್ಪ ತಾನೇ ಕೊಡುತ್ತೇನೆ ಅಂದ. ಒಳ್ಳೆಯ ಮನುಷ್ಯನೇ. ಆದರೆ ಒಂದು ಸಭೆ ಮಾಡಿ, "ಬಡ ವಿದ್ಯಾರ್ಥಿನಿಗೆ ಧನಸಹಾಯ" ಅಂತ ಬರೆಸಿದ ಬಟ್ಟೆ ಕಟ್ಟಿಸಿ, ಹುಡುಗಿಯನ್ನು ನಿಲ್ಲಿಸಿ ಫೋಟೋ ತೆಗೆಸಬೇಕು ಅಂದ. ಕರಿಬಸಮ್ಮ ಕೈಮುಗಿದು ಎದ್ದು ಬಂದಳು. "ಅಮ್ಮಾರೆ, ನಾನು ಓದಿ ಗೆದ್ದಿದ್ದು. ಅಲ್ಲಿ ಹೋಗಿ ಬಡವಿ ಅಂತ ಯಾಕೆ ನಿಲ್ಲಲಿ? ಬರಾಕಾಗಲ್ಲ ಅಂತ ಅವ್ರಿಗೆ ಬರೆದು ಹಾಕ್ತೀನಿ." ಓಬಣ್ಣ ಒಲೆಯ ಮುಂದೆ ಹೋಗಿ ಕೂತ.

ಮಾರನೇ ದಿನ ಹೊನ್ನಾಳಿಯಿಂದ ನಾದಿನಿ ಪ್ರೇಮಮ್ಮ ಬಂದಳು, ಎರಡನೇ ಮಗನ ಮದುವೆಗೆ ಕರೆಯಲು. ಕಾಫಿ ಕುಡಿದು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಅತ್ತಿಗೆ, ಈ ಸಲ ಕಣ ಗಿಣ ಬ್ಯಾಡ. ಒಂದು ಸ್ಟೀಲ್ ಕೊಳಗ ಕೊಟ್ಬಿಡು. ನಿಂಗೇನು, ಹಿಂದಿಲ್ಲ ಮುಂದಿಲ್ಲ" ಅಂದಳು.

ಹಿಂದಿಲ್ಲ ಮುಂದಿಲ್ಲ! ಮೂವತ್ತು ವರ್ಷ ನುಂಗಿಕೊಂಡ ಮಾತು ಅವತ್ತು ಗಂಟಲಲ್ಲಿ ಇಳಿಯಲಿಲ್ಲ.

"ಕೊಡ್ತೀನಿ ಬಿಡು ಪ್ರೇಮಾ. ಅದ್ರ ಮುಂದಿನ ಸೋಮವಾರ ನೀನೂ ಬಾ. ನನ್ನ ಮನೇಲೂ ಕಾರ್ಯ ಐತೆ."

"ಕಾರ್ಯನಾ? ಯಾರ್ದು?"

"ನಮ್ಮ ಕರಿಬಸಿದು. ವಿಲಾಯ್ತಿಗೆ ಓದಾಕೆ ಹೊಂಟಾಳೆ. ಚಪ್ಪರ ಹಾಕಿಸ್ತೀನಿ, ಹಸೆ ಮೇಲೆ ಕುಂಡ್ರಿಸ್ತೀನಿ, ಮುಯ್ಯಿ ಓದಿಸ್ತೀನಿ."

ಪ್ರೇಮಮ್ಮ ಬಾಯಲ್ಲಿದ್ದ ಎಲೆ ಉಗುಳಿ ಬಂದಳು. "ಓದಾಕೆ ಹೋಗೋರಿಗೆ ಯಾರಾದ್ರೂ ಮುಯ್ಯಿ ಹಾಕ್ತಾರಾ? ಅದೂ ಓಬಣ್ಣನ ಮಗಳಿಗೆ?"

"ಹಾಕೋದು ಓಬಣ್ಣನ ಮಗಳಿಗಲ್ಲ, ನನ್ನ ಮನೆಗೆ. ನಿನ್ನ ಮನೆಗೆ ನಾನು ಎಷ್ಟು ಸಲ ಹಾಕೀನಿ, ಬಸ್ಸಿನಾಗೆ ಕುಂತು ಎಣಿಸ್ಕೊಂಡು ಹೋಗು."

ಪ್ರೇಮಮ್ಮ ಹೋದಳು. ಆಡಿದ್ದಾಗಿತ್ತು, ಹಿಂದೆಗೆದುಕೊಳ್ಳುವ ಹಾಗಿರಲಿಲ್ಲ. ಯಾರೂ ಬರದಿದ್ದರೆ ಹುಡುಗಿಯ ಮಾನ, ತನ್ನ ಮೂವತ್ತು ವರ್ಷದ ಮಾನ ಎರಡೂ ಅಂಗಳದಲ್ಲೇ ಹೋಗುತ್ತಿತ್ತು.

"ಇದೂ ಭಿಕ್ಷೇನೇ ಅಲ್ವಾ ಅಮ್ಮಾರೆ?" ಅಂದಳು ಕರಿಬಸಮ್ಮ.

"ಥೂ ನಿನ್ನ, ಇಷ್ಟು ಓದಿ ಏನು ಬಂತು! ಭಿಕ್ಷೆ ಹಾಕಿದೋರು ತಿರುಗಿ ಕೇಳಲ್ಲ. ಮುಯ್ಯಿ ತಿರುಗಿ ಕೊಡ್ಲೇಬೇಕು. ನಾನು ಕೊಟ್ಟು ಕುಂತೀನಿ. ಇದು ನನ್ನ ಹಕ್ಕು ಕಣೆ." ಹುಡುಗಿ ಮೊದಲ ಸಲ ನಕ್ಕಳು.

ಪ್ರೆಸ್ಸಿನ ರೇವಣ್ಣನ ಹತ್ತಿರ ಇದ್ದದ್ದು ಮದುವೆ ಪತ್ರಿಕೆಯ ಅರಿಸಿನ ಬಣ್ಣದ ಕಾಗದ, ಬಾಳೆಗಿಡದ ಅಚ್ಚು ಅಷ್ಟೇ. ಅದರಲ್ಲೇ ಹೊಡೆದುಕೊಟ್ಟ: ಚಿ. ಸೌ. ಕರಿಬಸಮ್ಮ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ತೆರಳುವ ಶುಭಕಾರ್ಯ. ಸಂತೇಬೆನ್ನೂರಿನಲ್ಲಿ ಒಬ್ಬ ಮುದುಕ ಓದಿಸಿ ಕೇಳಿ, "ಗಂಡು ವಿಲಾಯ್ತಿಯೋನೇನು? ನಮ್ಮ ಜನಾನಾ?" ಅಂತ ವಿಚಾರಿಸಿದ. ಶಿವಗಂಗಮ್ಮ ಬಿಡುವವಳಲ್ಲ, "ಗಂಡು ಇನ್ನಾ ನೋಡ್ಬೇಕು, ಮೊದಲು ನೀನು ಬಂದು ಉಣ್ಣಪ್ಪ" ಅಂದಳು.

ಎಲೆ ಅಡಿಕೆ ಕಟ್ಟಿಕೊಂಡು ಎಂಟು ದಿನ ಬಸ್ಸು ಹತ್ತಿ ಇಳಿದಳು. ನ್ಯಾಮತಿ ಆಯಿತು, ಹೊನ್ನಾಳಿ ಆಯಿತು, ಸೂರಗೊಂಡನಕೊಪ್ಪದಲ್ಲಿ ತನ್ನ ಮಂಡಕ್ಕಿ ಮಾರುತ್ತಿದ್ದ ಲಂಬಾಣಿಯವರ ಮನೆಯೂ ಆಯಿತು. ಎಲ್ಲಿಯೂ ದುಡ್ಡಿನ ಮಾತು ಆಡಲಿಲ್ಲ. "ಊಟಕ್ಕೆ ಬರ್ರಿ" ಅಷ್ಟೇ. ಕೆಲವರು ಆಗಲಿ ಅಂದರು. ಕೆಲವರು ಪತ್ರಿಕೆ ಈಸಿಕೊಂಡು ಮೂಲೆಗಿಟ್ಟರು. ಪ್ರೇಮಮ್ಮ ಆಗಲೇ ಸುದ್ದಿ ಹರಡಿದ್ದಳಲ್ಲ.

ಕೊನೆಗೆ ಓಬಣ್ಣ ತಲೆ ಕೆರೆದುಕೊಳ್ಳುತ್ತಾ, "ನಮ್ಮ ಕಡೆಯೋರ್ನೂ ಕರೀಲಾ ಅಮ್ಮಾರೆ?" ಅಂದ.

ಶಿವಗಂಗಮ್ಮನಿಗೆ ಹಳೆಯದೊಂದು ನೆನಪಾಯಿತು. ಓಬಣ್ಣನ ಹಿರಿ ಮಗಳ ಮದುವೆ ಜಗಳೂರಿನ ಅವರ ಕೇರಿಯಲ್ಲಿ ಆಗಿತ್ತು. ಎಲ್ಲ ಊರಿನ ಮದುವೆಗೂ ಓಡುತ್ತಿದ್ದವಳು ಅದಕ್ಕೊಂದಕ್ಕೆ ಹೋಗಿರಲಿಲ್ಲ. ಒಂದು ಚೀಲ ಅಕ್ಕಿ, ಐವತ್ತು ರೂಪಾಯಿ ಕಳಿಸಿ "ಖರ್ಚಿಗೆ ಇಟ್ಕೊ" ಅಂದಿದ್ದಳು. ಮುಯ್ಯಿ ಹಾಕಿದರೆ ಅವರ ಜೊತೆ ಕೂತು ಉಣ್ಣಬೇಕಲ್ಲ, ಅದಕ್ಕೆ. ಆಗ ಅದು ದೊಡ್ಡ ಮನಸ್ಸು ಅನ್ನಿಸಿತ್ತು. ಮಹೇಶ್ವರಪ್ಪ ಕಟ್ಟಿಸಹೊರಟಿದ್ದ ಬಟ್ಟೆಗೂ ತಾನು ಕಳಿಸಿದ ಅಕ್ಕಿಗೂ ಏನು ವ್ಯತ್ಯಾಸ ಅಂತ ಈಗ ನಾಚಿಕೆಯಾಯಿತು.

"ಕರಿ" ಅಂದಳು. "ನಾನೇ ಕರೆದೀನಿ ಅಂತ ಹೇಳು."

ಸೋಮವಾರ ಭಟ್ಟಿಯ ಕಣದಲ್ಲಿ ಚಪ್ಪರ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ ಸಾರು. ಹತ್ತು ಗಂಟೆಯಾದರೂ ನಾಯಿ ಕೂಡ ಇಣುಕಲಿಲ್ಲ. ಹೊಸ ಸೀರೆ ಉಟ್ಟ ಕರಿಬಸಮ್ಮ ಬೆವರುತ್ತಾ ಹಸೆಯ ಮೇಲೆ ಕೂತಿದ್ದಳು. ಹನ್ನೊಂದಕ್ಕೆ ನ್ಯಾಮತಿ ಬಸ್ಸಿನವರು ಬಂದರು. ಅವರ ಹಿಂದೆ ಕೆರೆಬಿಳಚಿಯ ಟ್ರಾಕ್ಟರು. ಆಮೇಲೆ ಕಣದ ತುಂಬ ಹೆಂಗಸರು! ಯಾರ ಮದುವೆಯಲ್ಲಿ ಶಿವಗಂಗಮ್ಮ ಮೂಲೆಯಲ್ಲಿ ಕೂತು ಉಂಡಿದ್ದಳೋ ಆ ಮದುವಣಗಿತ್ತಿಯರೇ, ಕಂಕುಳಲ್ಲೊಂದು ಕೈಯಲ್ಲೊಂದು ಮಗು ಹಿಡಿದುಕೊಂಡು ಬಂದಿದ್ದರು. ಪ್ರೇಮಮ್ಮನೂ ಬಂದಳು, ಮುಖ ಮಾತ್ರ ಊದಿಸಿಕೊಂಡಿದ್ದಳು.

ರೇವಣ್ಣ ಪುಸ್ತಕ ಬಿಚ್ಚಿ ಮುಯ್ಯಿ ಓದಲು ಕೂತ. "ಇಸ್ಕೊಳ್ಳೋ ಮನೆಯೋರು ಎಲ್ಲಿ?" ಅಂದ. ಶಿವಗಂಗಮ್ಮ ಅಭ್ಯಾಸಬಲದಿಂದ ಅಡುಗೆಯವರ ಬಾಗಿಲಲ್ಲಿ ನಿಂತಿದ್ದಳು. ಓಬಣ್ಣ ಚಪ್ಪರದ ಅಂಚಿನಿಂದಲೇ ಕೂಗಿದ: "ಅಮ್ಮಾರೆ, ಕಾರ್ಯ ನಿಮ್ಮದು, ಅಲ್ಲೇನು ಮಾಡ್ತೀರಿ? ಹೋಗಿ ಕುಂಡ್ರಿ!" ಐವತ್ತೆಂಟನೇ ವಯಸ್ಸಿನಲ್ಲಿ ಶಿವಗಂಗಮ್ಮ ಚಪ್ಪರದ ನಡುವೆ ನಡೆದು ಬಂದು ಹಸೆಯ ಮೇಲೆ ಕೂತಳು. ಕಣ್ಣು ತುಂಬಿ ಯಾರು ಯಾರು ಅಂತಲೇ ಕಾಣಲಿಲ್ಲ. "ಚನ್ನಗಿರಿ ಶಿವಗಂಗಮ್ಮಾರ ಮನೆಗೆ, ನ್ಯಾಮತಿ ಕೊಟ್ರಬಸಪ್ಪನವರದು, ಐವತ್ತೊಂದು ರೂಪಾಯಿ!" ರೇವಣ್ಣನ ಗಂಟಲು ರಸ್ತೆಯವರೆಗೂ ಕೇಳುತ್ತಿತ್ತು.

ಎರಡು ಗಂಟೆಗೆ ಓದುವುದು ನಿಂತಿತು. ಮುನ್ನೂರು ಕಮ್ಮಿ. ಆಗ ರಸ್ತೆಯಲ್ಲಿ ಲಾರಿ ನಿಂತ ಸದ್ದು. ಜಗಳೂರಿನವರು, ನಲವತ್ತು ಐವತ್ತು ಜನ, ಇಳಿದು ಚಪ್ಪರದ ಹೊರಗೇ ನಿಂತರು. ಶಿವಗಂಗಮ್ಮ ಹಸೆಯಿಂದ ಎದ್ದು ಅವರ ಹತ್ತಿರ ಹೋದಳು. ಮುಂದೆ ಇದ್ದವಳು ಓಬಣ್ಣನ ಅಕ್ಕ ಕರಿಯಕ್ಕ.

"ಒಳಗೆ ಬರ್ರಿ, ಉಣ್ಣಾಕೆ ಹೊತ್ತಾತು."

"ಉಣ್ಣಾಕಷ್ಟೇ ಬಂದಿಲ್ಲ ಕಣಮ್ಮ. ಮುಯ್ಯಿ ಹಾಕಾಕೆ ಬಂದೀವಿ."

"ನಿಮ್ಮ ಮನೆಗೆ ನಾನು ಒಂದು ಕಾಸೂ ಹಾಕಿಲ್ಲ ಕರಿಯಕ್ಕ."

"ಗೊತ್ತೈತೆ. ಇವತ್ತಿಂದ ಶುರುವಾಗ್ಲಿ. ಬರೋ ವರ್ಷ ನಮ್ಮ ಕೇರ್ಯಾಗೆ ಮೂರು ಮದುವೆ ಐತೆ. ಬರ್ತೀಯಾ? ನಮ್ಮ ಜೊತೆ ಕುಂತು ಉಣ್ತೀಯಾ?"

ಚಪ್ಪರದಲ್ಲಿದ್ದ ನೆಂಟರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಶಿವಗಂಗಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಬರ್ತೀನಿ. ಉಣ್ತೀನಿ. ಅಡುಗೆ ಮನೆ ಬಾಗಿಲಾಗೆ ಕುಂಡ್ರಿಸಿದ್ರೆ ಮಾತ್ರ ಜಗಳ ತೆಗೀತೀನಿ, ಮುಂದಿನ ಸಾಲೇ ಬೇಕು ನಂಗೆ."

ಕರಿಯಕ್ಕ ಆಕೆಯ ಕೈ ಹಿಡಿದುಕೊಂಡು ಒಳಗೆ ಬಂದಳು. ಪಂಕ್ತಿಯಿಂದ ಇಬ್ಬರು ಎದ್ದು ಹೋದರು. ಹೋಗಲಿ ಬಿಡ್ರಿ, ಹುಗ್ಗಿ ಉಳಿಯಲಿಲ್ಲ. ಪ್ರೇಮಮ್ಮ ಎದ್ದೇಳುವ ಹಾಗೆ ಮಾಡಿ, ಶಿವಗಂಗಮ್ಮನ ಕಣ್ಣು ನೋಡಿ, ಕೂತೇ ಉಂಡಳು. ರೇವಣ್ಣ ಮತ್ತೆ ಪುಸ್ತಕ ಬಿಚ್ಚಿದ. ಹನ್ನೊಂದು, ಐದು, ಇಪ್ಪತ್ತೊಂದು ಅಂತ ಓದಿ ಓದಿ ಅವನ ಗಂಟಲು ಬಿದ್ದುಹೋಯಿತು. ಟಿಕೆಟ್ಟಿಗೂ ಆಯಿತು, ಮೇಲೆ ಒಂದು ಉಣ್ಣೆ ಕೋಟಿಗೂ ಆಯಿತು.

ಜನ ಹೋದ ಮೇಲೆ ಕರಿಬಸಮ್ಮ ಮುಯ್ಯಿ ಪುಸ್ತಕದ ಹಾಳೆ ತಿರುವಿ ನೋಡಿ ಗಾಬರಿಯಾದಳು. "ಅಮ್ಮಾರೆ, ಎಷ್ಟೊಂದು ಮನೆ! ಎಲ್ರೂ ಮೇಲೆ ಸೇರಿಸಿ ಹಾಕ್ಯಾರೆ, ನಮ್ಮೋರದ್ದಂತೂ ಎಲ್ಲಾ ಹೊಸದು. ನಾನು ಮೂರು ವರ್ಷ ಅಲ್ಲಿರ್ತೀನಿ. ಇದ್ನೆಲ್ಲ ಯಾರು ತೀರಿಸ್ತಾರೆ?"

"ನೀನು ನಿನ್ನ ಕೆರೆ ನೋಡ್ಕೋ ಹೋಗು. ಮದುವೆಗೆಲ್ಲ ನಾನು ಹೋಗ್ತೀನಿ." ಶಿವಗಂಗಮ್ಮ ಕಾಲು ಚಾಚಿ ಕೂತು ಬೆರಳು ಮಡಿಸಿ ಮಡಿಸಿ ಊರು ಎಣಿಸಿದಳು. ಎರಡೂ ಕೈಯ ಬೆರಳು ಮುಗಿದವು, ಊರು ಮುಗಿಯಲಿಲ್ಲ. ಆಮೇಲೆ ಜೋರಾಗಿ ನಕ್ಕುಬಿಟ್ಟಳು. "ಏನೋ ಓಬಣ್ಣ, ಹೋದ ವರ್ಷ ನಾನು ಸತ್ತಿದ್ರೆ ಯಾವ ಮನೇಲೂ ನನ್ನ ದಾರಿ ನೋಡೋರಿರ್ಲಿಲ್ಲ. ಈಗ ನೋಡು, ಸಾಯಾಕೂ ಪುರುಸೊತ್ತಿಲ್ಲ!"