ಸಾಯಬಮ್ಮನೂ ಬಾಯಿ ಮುಚ್ಚದ ಕೆಂಚ್ಯಾನೂ

“ನಾಯಿ ಬೊಗಳದೇ ಹಾಡ್ತದೇನು?” ಎಂದು ಸಾಯಬಮ್ಮ ಕೇಳಿದಾಗ ಎದುರಿಗೆ ನಿಂತಿದ್ದ ಪಕ್ಕದ ಮನೆಯ ಮೋನಮ್ಮನಿಗೆ ಉರಿದುಹೋಯಿತು.

“ಬೊಗಳಲಿ ಯವ್ವಾ, ಬ್ಯಾಡ ಅನ್ನಾಂಗಿಲ್ಲ. ಆದ್ರ ಒಂದು ಲೆಕ್ಕ ಬ್ಯಾಡೇನು? ಮುಂಜಾನಿಂದ ಗಂಟಲ ಹರಕೊಂಡು ಬೊಗಳಾಕತ್ತದ. ನನ್ನ ಸೊಸಿ ಕೂಸಿನ್ನ ತೊಟ್ಟಿಲಿಗಿ ಹಾಕಿದ್ರ ಹಾಕಿದಂಗ ಎದ್ದು ಕುಂದರ್ತದ.”

“ಸುಳ್ಳು ಹೇಳಬ್ಯಾಡ. ಎಲ್ಲೋ ಒಂದೆರಡು ಸಲ ಬೊಗಳಿರಬೇಕು. ನಾ ಇಲ್ಲೇ ಕುಂತೀನಿ, ನನಗ ಕೇಳ್ಸೂದಿಲ್ಲೇನು?”

ಅಂದು ಆ ಮಾತು ಅಲ್ಲಿಗೇ ನಿಂತಿತು. ಮೋನಮ್ಮ ಸೆರಗು ಕೊಡವಿ ಹೋದಳು. ಸಾಯಬಮ್ಮ ಬೇವಿನ ಬುಡಕ್ಕೆ ಬೆನ್ನು ಕೊಟ್ಟು ಹರಿದ ಬಲೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ತನ್ನ ಮಗ ದ್ಯಾವಪ್ಪ ಹರಿಗೋಲು ಹಾಕಲು ತೊಡಗಿದಾಗಿನಿಂದ ಮೋನಮ್ಮನ ಹೊಟ್ಟೆಯಲ್ಲಿ ಕಿಚ್ಚು ಬಿದ್ದಿದೆ, ಅದಕ್ಕೇ ಮೂಕಪ್ರಾಣಿಯ ಮೇಲೆ ದೂರು ತರುತ್ತಾಳೆ ಎಂದು ಆಕೆ ನಂಬಿದ್ದಳು.

ಸುರಪುರ ಸೀಮೆಯಲ್ಲಿ ಕೃಷ್ಣೆಯ ದಂಡೆಗೆ ಹತ್ತಿಕೊಂಡಿದ್ದ ಅಂಬಿಗರ ಓಣಿ ಅದು. ಗಂಡ ಇದ್ದಾಗ ಸಾಯಬಮ್ಮನ ಕಿವಿ ಓಣಿಗೆಲ್ಲ ಹೆಸರಾಗಿತ್ತು. ಆಚೆ ದಂಡೆಯಲ್ಲಿ ನಿಂತವರು “ಏ ಅಂಬಿಗಾ” ಎಂದು ಕೂಗಿದರೆ, ಹೊಳೆ ಎಷ್ಟು ಮೊರೆಯಲಿ, ಗಾಳಿ ಎತ್ತಲೇ ಬೀಸಲಿ, ಮೊದಲು ತಲೆ ಎತ್ತುವವಳು ಇವಳೇ. ಗಂಡಸರ ಕೂಗೋ ಹೆಂಗಸರ ಕೂಗೋ, ಬರೀ ಕೈಯವರೋ ಗಂಟು ಹೊತ್ತವರೋ, ಅದನ್ನೂ ಹೇಳಿಬಿಡುತ್ತಿದ್ದಳು. ಗಂಡ ಹೊಳೆಯ ಪಾಲಾದ ಮೇಲೂ ದಂಡೆ ಬಿಟ್ಟು ಕದಲಲಿಲ್ಲ. ಬಲೆ ಹೆಣೆದು ಮಗನನ್ನು ಬೆಳೆಸಿದಳು. ಅವನು ಹುಟ್ಟು ಹಿಡಿಯುವಷ್ಟಾದ ಮೇಲೆ ಆಚೆಯ ಕೂಗನ್ನು ಕೇಳಿ ಅವನಿಗೆ ಹೇಳುವ ಕೆಲಸ ತನ್ನದೇ ಎಂದಳು.

ಆ ದಿನಗಳಲ್ಲೇ ಕೆಂಚ್ಯಾ ಮರಿಯಾಗಿ ಮನೆ ಸೇರಿದ್ದು. ಅದಕ್ಕೂ ಆಕೆಗೂ ಒಂದು ಒಪ್ಪಂದವಿದ್ದಂತೆ ಇತ್ತು. ಅಂಗಳಕ್ಕೆ ಯಾರಾದರೂ ಬಂದರೆ ಅದು ಒಮ್ಮೆ ಬೊಗಳುವುದು, ಆಕೆ “ಯಾರದು?” ಎನ್ನುವುದು, ಆ ಮಾತು ಕಿವಿಗೆ ಬಿದ್ದದ್ದೇ ನಾಯಿ ಬಾಲ ಸುತ್ತಿಕೊಂಡು ಮಲಗುವುದು. ಈಗೊಂದು ವರ್ಷದಿಂದ ಅದರ ಬುದ್ಧಿ ಕೆಟ್ಟಿದೆ ಎಂದು ಓಣಿಯವರೆಲ್ಲ ಹೇಳುತ್ತಿದ್ದರು.

ಊರ ಮದ್ದೆಲ್ಲ ಮಾಡಿದ್ದಾಯಿತು. ಹಸಿವಿರಬೇಕೆಂದು ಸೊಸೆ ಶೇಖಮ್ಮ ಒಂದು ಹಿಡಿ ಜೋಳದ ನುಚ್ಚು ಹೆಚ್ಚಿಗೆ ಹಾಕಿದಳು. ತಿಂದು, ಬಾಯಿ ನೆಕ್ಕಿಕೊಂಡು ಮತ್ತೆ ಬೊಗಳಿತು. ದ್ಯಾವಪ್ಪ ಹಗ್ಗದಿಂದ ಬೇವಿನ ಗಿಡಕ್ಕೆ ಕಟ್ಟಿದ, ಬೊಗಳುವುದು ಇಮ್ಮಡಿಯಾಯಿತು. ಬಾಯಿಗೆ ನಾರಿನ ಕುಕ್ಕೆ ಹಾಕಿದರೆ ಒಳಗೊಳಗೇ ಕುಂಯ್‌ಗುಟ್ಟಿತು. ಅದರ ಕಣ್ಣು ನೋಡಲಾರದೆ ಸಾಯಬಮ್ಮನೇ ಕುಕ್ಕೆ ಬಿಚ್ಚಿ ಬಿಸಾಕಿದಳು.

ಅಷ್ಟರಲ್ಲಿ ಗಿರ್ದಾವರ ಸಾಹೇಬರ ಸವಾರಿ ಬಂತು. ಭೂಮಿಯ ಲೆಕ್ಕ ನೋಡುವ ಆ ಸರ್ಕಾರಿ ಮನುಷ್ಯ ಆಚೆ ದಂಡೆಯಲ್ಲಿ ಬಿಸಿಲಿಗೆ ನಿಂತು ಕೂಗಿ ಕೂಗಿ ಸಾಕಾದರೂ ಹರಿಗೋಲು ಹೋಗಲಿಲ್ಲ. ಕೊನೆಗೆ ಮೇಲಿನ ಕಡವಿನಲ್ಲಿ ಹೊಳೆ ದಾಟಿ ಸುತ್ತಿ ಬಂದವರು ಚಾವಡಿಯಲ್ಲಿ ಕೆಂಡ ಕಾರಿದರು. ಅವರ ಸಿಟ್ಟೆಲ್ಲ ಪೊಲೀಸ್ ಪಾಟೀಲರ ತಲೆಯ ಮೇಲೆ ಬಿತ್ತು, ಅಲ್ಲಿಂದ ಸಾಯಬಮ್ಮನ ಅಂಗಳಕ್ಕೆ ಇಳಿಯಿತು.

“ದ್ಯಾವಪ್ಪಾ, ಸಾಹೇಬರು ಹೊಯ್ಕೊಂಡ್ರೂ ನಿಮಗ ಕೇಳ್ಸಲ್ಲ. ಈ ನಾಯಿ ಗದ್ದಲದಾಗ ಯಾರಿಗಿ ಏನು ಕೇಳ್ಸೀತು? ಬರೋ ಸಂತಿಯೊಳಗ ಇದರ ಬಂದೋಬಸ್ತ್ ಮಾಡು. ಇಲ್ಲಂದ್ರ ತಳವಾರಗ ಹೇಳಿ ಹೊಡಸ್ತೀನಿ.”

“ಗಾಳಿ ಆ ಕಡಿ ಇತ್ರಿ ಪಾಟೀಲ್ರ,” ಎಂದಳು ಸಾಯಬಮ್ಮ. “ಕೂಗು ಈ ಕಡಿ ಬರಲೇ ಇಲ್ಲ.” ಅದು ಸುಳ್ಳೆಂದು ಆಕೆಗೆ ಅನಿಸಿರಲಿಲ್ಲ.

ಎರಡು ದಿನ ಬಿಟ್ಟು ಮಧ್ಯಾಹ್ನ, ನೆರಳು ಸರಿದದ್ದರಿಂದ ಆಕೆ ಎಂದೂ ಕೂರದ ಕಡೆ, ಗೋಡೆಯ ಮಗ್ಗುಲಿಗೆ, ಓಣಿಗೆ ಮುಖ ಮಾಡಿ ಕೂತಿದ್ದಳು. ಎದುರಿಗೇ ಕೆಂಚ್ಯಾ ನಿಂತಿತ್ತು. ಅದು ಬಾಯಿ ತೆರೆದು ಮುಚ್ಚಿತು. ಆಕಳಿಸುತ್ತಿದೆ ಎಂದುಕೊಂಡಳು. ಮತ್ತೆ ತೆರೆಯಿತು, ಮತ್ತೆ. ಕುತ್ತಿಗೆಯ ನರ ಉಬ್ಬಿತ್ತು, ಮುಂಗಾಲು ಒಂದೊಂದು ಸಲಕ್ಕೂ ನೆಲದಿಂದ ಏಳುತ್ತಿತ್ತು. ಅದರ ಆಚೆ ಮೀನು ಕೊಳ್ಳಲು ಸುರಪುರದಿಂದ ಬರುವ ಸುಲ್ತಾನಸಾಬ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದ. ಅವನ ತುಟಿಯೂ ಅಲುಗಾಡುತ್ತಿತ್ತು.

ಸಾಯಬಮ್ಮನ ಕೈಯಲ್ಲಿದ್ದ ನೂಲು ಹಾಗೆಯೇ ನಿಂತಿತು. ನಾಯಿಯ ಕೂಗು ಕೇಳಿಸಿರಲಿಲ್ಲ. ಎಲ್ಲೋ ದೂರದ ಹೊಲದಲ್ಲಿ ಯಾರೋ ಕೆಮ್ಮಿದಂತೆ ಒಂದು ಸದ್ದು, ಅಷ್ಟೇ.

ಎದ್ದು ಬಂದು ಸುಲ್ತಾನಸಾಬನ ಮುಂದೆ ನಿಂತಳು. ಆಕೆ ಬಂದದ್ದೇ ನಾಯಿ ಸುಮ್ಮನಾಯಿತು.

“ಭಾಳ ಹೊತ್ತಾತೇನ್ರಿ ಬಂದು?”

“ಅರೆ, ಹತ್ತು ಸಲ ಕರದೀನವ್ವಾ,” ಎಂದು ಆತ ಆಕೆಯ ಮುಖಕ್ಕೇ ಬಾಗಿ ಗಟ್ಟಿಯಾಗಿ ಹೇಳಿದ. “ಪಾಪ, ನಾಯಿ ನನ್ನ ಕಡಿ ಬೊಗಳಲೇ ಇಲ್ಲ. ನಿನ್ನ ಕಡಿ ಮಾರಿ ಮಾಡಿ ಬೊಗಳಾಕತ್ತಿತ್ತು.”

ಅವನು ಮೀನು ಕಟ್ಟಿಕೊಂಡು ಹೋದ ಮೇಲೆ ಒಳಗೆ ಹೋಗಿ ಹಿತ್ತಾಳೆಯ ತಂಬಿಗೆಯನ್ನು ಒರಳಿನ ಕಲ್ಲಿಗೆ ಬಡಿದಳು. ಇನ್ನೊಮ್ಮೆ ಬಡಿದಳು. ಕೈಗೆ ಝುಮ್ಮೆಂದು ಹತ್ತಿದ ನಡುಕದಷ್ಟೂ ಕಿವಿಗೆ ಹತ್ತಲಿಲ್ಲ. ತಂಬಿಗೆಯ ಅಂಚು ನೆಗ್ಗಿತು. ಗೋಡೆಗೆ ಒರಗಿ ಕೂತಳು. ಹೊಳೆ ದಂಡೆಯ ಹೆಂಗಸಿಗೆ ಕಿವಿ ಹೋಯಿತೆಂದರೆ ಇನ್ನೇನು ಉಳಿಯಿತು? ಗಾಳಿ ಗಾಳಿ ಎಂದು ವರ್ಷದುದ್ದಕ್ಕೂ ತಾನು ದೂರಿದ್ದೆಲ್ಲ ನೆನಪಾಯಿತು. ಆಚೆ ದಂಡೆಯಲ್ಲಿ ಬಿಸಿಲು ಕುಡಿದು ಮರಳಿ ಹೋದವರು ಎಷ್ಟು ಮಂದಿಯೋ. ತಾನು ತಲೆ ಎತ್ತಲಿಲ್ಲ, ಅದಕ್ಕೇ ಆ ಪ್ರಾಣಿ ಒಂದು ಸಲ ಹೇಳುವುದನ್ನು ನೂರು ಸಲ ಹೇಳಿತು.

ಸಂಜೆ ದ್ಯಾವಪ್ಪ ಹಗ್ಗ ಹಿಡಿದು ಬಂದ. ಸಗರ ಎಂಬ ಊರಿನಲ್ಲಿ ಕುರಿ ಸಾಕುವವರಿಗೆ ನಾಯಿಯನ್ನು ಕೊಟ್ಟು ಬರುವುದೆಂದು ನಿಶ್ಚಯಿಸಿದ್ದ.

“ಹಗ್ಗ ಇಡು,” ಎಂದಳು ತಾಯಿ. “ನಾಯಿ ಛಲೋ ಅದ. ನನ್ನ ಕಿವಿ ಹೋಗ್ಯಾವ.”

ದ್ಯಾವಪ್ಪ ನಕ್ಕ. ತಾಯಿ ನಗಲಿಲ್ಲ. ಅವನು ಹೆಂಡತಿಯ ಮುಖ ನೋಡಿದ. ಒಲೆಯ ಮುಂದಿದ್ದ ಶೇಖಮ್ಮ ಎದ್ದು ಬಂದಳು. ಅವಳ ಕಣ್ಣು ತುಂಬಿತ್ತು.

“ನಾ ಕರದ್ರ ನೀವು ಓಗೊಡೂದಿಲ್ಲ, ನನ್ನ ಮ್ಯಾಲ ಸಿಟ್ಟದ ನಿಮಗ ಅಂತ ತಿಳಕೊಂಡಿದ್ನಿ ಅತ್ತಿ. ಒಂದು ವರ್ಷ ಅದನ್ನ ಹೊಟ್ಯಾಗ ಇಟ್ಕೊಂಡು ಉಣ್ಣಾಕತ್ತೀನಿ.”

ಸಾಯಬಮ್ಮನಿಗೆ ಅರ್ಧ ಕೇಳಿತು, ಉಳಿದರ್ಧ ಮುಖದಲ್ಲಿ ಕಂಡಿತು. ಸೊಸೆಯ ಕೈ ಹಿಡಿದುಕೊಂಡು, “ಹುಚ್ಚಿ,” ಎಂದಳು.

ಮರುದಿನದಿಂದ ಕೂರುವ ಜಾಗ ಬದಲಾಯಿತು. ಓಣಿಯೂ ಹೊಳೆಯೂ ಎರಡೂ ಕಾಣುವ ಮೂಲೆಗೆ ಕಲ್ಲು ಹಾಕಿಸಿಕೊಂಡಳು. ಕೆಂಚ್ಯಾನನ್ನು ಮುಂದೆ ಕೂರಿಸಿ ಅದನ್ನೇ ನೋಡಿದಳು. ಅದು ಓಣಿಯ ಕಡೆ ನಿಂತು ಬೊಗಳಿದರೆ ಮನೆಗೆ ಯಾರೋ ಬಂದಿದ್ದಾರೆ. ನೀರಿನ ಕಡೆ ಕಿವಿ ನಿಗುರಿಸಿ ಬೊಗಳಿದರೆ ಆಚೆ ದಂಡೆಯಲ್ಲಿ ಜನ ನಿಂತಿದ್ದಾರೆ. ಇದೆಲ್ಲ ಅದು ಮೊದಲಿನಿಂದಲೂ ಹೇಳುತ್ತಲೇ ಇತ್ತು. ಬೊಗಳಿದ ಕೂಡಲೇ ಆಕೆ ಅಂಗೈ ಎತ್ತಿ “ತಿಳೀತು” ಎನ್ನುವಂತೆ ತೋರುವಳು. ಮೊದಮೊದಲು ಅದು ನಂಬದೆ ಇನ್ನೂ ನಾಲ್ಕು ಸಲ ಬೊಗಳುತ್ತಿತ್ತು. ಆಮೇಲಾಮೇಲೆ ಕೈ ಕಂಡದ್ದೇ ಕೂತುಬಿಡುತ್ತಿತ್ತು.

ಸಂತೆ ಬಂತು, ಪಾಟೀಲರೂ ಬಂದರು. ನಾಯಿ ಒಮ್ಮೆ ಬೊಗಳಿತು, ಕೈ ಎದ್ದಿತು, ಸುಮ್ಮನಾಯಿತು. ಪಾಟೀಲರು ಅದನ್ನು ನೋಡಿ, ತಳವಾರನನ್ನು ಕರೆಯದೆ ಸಂತೆಯ ದಾರಿ ಹಿಡಿದರು. ಆದರೂ ಮಂಗಗಳು ಬಂದ ದಿನ ಅದು ಯಾರ ಮಾತನ್ನೂ ಕೇಳುತ್ತಿರಲಿಲ್ಲ, ಅದು ಬೇರೆ ವಿಷಯ.

ಕಿವಿ ಹೋದ ದುಃಖ ಹೋಗಲಿಲ್ಲ. ಹೊಳೆಯ ಮೊರೆತವಿಲ್ಲದ ಮುಂಜಾನೆ ಆಕೆಗೆ ಬೇರೆ ಯಾರದೋ ಊರಿನಲ್ಲಿ ಎದ್ದಂತೆ ಆಗುತ್ತಿತ್ತು. ಮಳೆಗಾಲದಲ್ಲಿ ಮೊಣಕಾಲಿನವರೆಗೆ ನೀರಿಗಿಳಿದು ನಿಲ್ಲುವಳು. ಸೆಳವು ಕಾಲಿಗೆ ಬಡಿಯುತ್ತಿದ್ದರೆ ಹೊಳೆ ಎಷ್ಟು ಬಂದಿದೆಯೆಂದು ಅದರಿಂದಲೇ ತಿಳಿಯುವಳು.

ಒಂದು ದಿನ ಮೋನಮ್ಮ ಮೊಮ್ಮಗುವನ್ನು ಸೊಂಟದ ಮೇಲೆ ಹೊತ್ತು ಬಂದು ಕೆಂಚ್ಯಾನ ಮುಂದೆ ತಾನೂ ಅಂಗೈ ಎತ್ತಿದಳು. ನಾಯಿ ಲೆಕ್ಕಿಸಲಿಲ್ಲ, ಬೊಗಳುತ್ತಲೇ ಇತ್ತು. ಮೋನಮ್ಮ ಏನೋ ಬೈದಳು.

ಸಾಯಬಮ್ಮ ಬಲೆ ಕೆಳಗಿಟ್ಟಳು. “ಮೋನೀ, ನನಗ ಕೇಳ್ಸೂದಿಲ್ಲ. ಇಲ್ಲಿ, ನನ್ನ ಎದುರಿಗಿ ಬಂದು ಕುಂದ್ರು, ಆಮ್ಯಾಲ ಬೈ,” ಎಂದು ಕಲ್ಲಿನ ಮೇಲೆ ಸರಿದು ಜಾಗ ಮಾಡಿಕೊಟ್ಟಳು.